ಕಟ್ಟೆ ದಾಟಿದ ನೀರು

ಪವರ್‌ಹೌಸಿನಲ್ಲಿ ಕೆಲಸ ಮಾಡಿ ನಿವೃತ್ತನಾದೆ ಎಂದರೆ ನಮ್ಮ ಕಡೆಯ ಜನ ತಕ್ಷಣ ಕೇಳುವುದು, ‘ಕನ್ನಂಬಾಡೀಲಿದ್ರಾ, ಶಿವನಸಮುದ್ರದಲ್ಲಿದ್ರಾ?’ ಎಂದು. ಎರಡೂ ಅಲ್ಲ. ನಾನು ಇದ್ದದ್ದು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಹೇಮಾವತಿ ಹೊಳೆಯ ಮೇಲೆ, ಎರಡೇ ಮೆಷೀನಿನ ಒಂದು ಸಣ್ಣ ಖಾಸಗಿ ಘಟಕದಲ್ಲಿ. ಬಸ್ಸಿನಿಂದ ನೋಡಿದರೆ ಅಕ್ಕಿ ಗಿರಣಿ ಅನ್ನಿಸುವಂಥ ಕಟ್ಟಡ. ಹೊಳೆಗೆ ಅಡ್ಡಲಾಗಿ ಎರಡಾಳು ಎತ್ತರದ ಒಂದು ಕಟ್ಟೆ. ಅಲ್ಲಿಂದ ನೀರನ್ನು ಪಕ್ಕದ ಕಾಲುವೆಗೆ ತಿರುಗಿಸಿ, ಮೈಲಿಗೂ ಹೆಚ್ಚು ದೂರ ಹರಿಸಿ, ಮೆಷೀನಿನ ಮೇಲೆ ಕೆಡವಿ, ಮತ್ತೆ ಹೊಳೆಗೇ ಸೇರಿಸುತ್ತಿದ್ದೆವು. ನಡುವೆ ಹೊಳೆ ಬಿಲ್ಲಿನಂತೆ ಬಾಗಿಕೊಂಡು ಬಂಡೆಗಳ ಮಧ್ಯೆ ಹೋಗುತ್ತದೆ. ಆ ಬಾಗಿನಲ್ಲಿ, ನಾವು ಬಿಟ್ಟಷ್ಟೇ ನೀರು.

ಈ ಕೊನೆಯ ಮಾತನ್ನು ಇನ್ನೊಂದು ಸಲ ಓದಿಕೊಳ್ಳಿ. ಇಂಥ ಘಟಕಗಳಿಗೆ ಈಗ ಡಿಪ್ಲೊಮಾ ಮುಗಿಸಿ ಸೇರುತ್ತಿರುವ ನಿಮಗೆ ಟರ್ಬೈನು, ಪ್ಯಾನೆಲ್ಲು, ರಿಲೇ ಎಲ್ಲವನ್ನೂ ಕಲಿಸುವವರು ಇದ್ದಾರೆ. ನನಗಿಂತ ಚೆನ್ನಾಗಿಯೇ ಕಲಿಸುತ್ತಾರೆ. ಹೊಳೆಯ ಬಾಗಿನ ವಿಚಾರವನ್ನು ಯಾರೂ ಹೇಳಲಾರರು. ಅದಕ್ಕೆ ನಾನು ಬರೆಯಲು ಕೂತೆ.

ನಾನು ನಾಗಮಂಗಲದ ಕಡೆಯವನು. ಐ.ಟಿ.ಐ. ಮುಗಿಸಿದ ಮೇಲೆ ಕಿಕ್ಕೇರಿಯಲ್ಲಿ ರಹೀಂ ಸಾಬರ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಆಗ ಲೈನಿನ ಕೊನೆಯ ಹಳ್ಳಿಗಳಿಗೆ ವೋಲ್ಟೇಜು ಸರಿಯಾಗಿ ಸಿಗುತ್ತಿರಲಿಲ್ಲ. ಬೇಸಿಗೆ ಬಂತೆಂದರೆ ಪಂಪ್‌ಸೆಟ್ಟಿನ ಮೋಟಾರು ಸುಟ್ಟುಕೊಂಡು, ಸೈಕಲ್ ಕ್ಯಾರಿಯರಿಗೆ ಬಿಗಿದುಕೊಂಡು ಜನ ಸಾಲಾಗಿ ಬರುತ್ತಿದ್ದರು. ಕರಕಲು ವಾಸನೆ ನಮ್ಮ ಬಟ್ಟೆಯಿಂದ ಹೋಗುತ್ತಲೇ ಇರಲಿಲ್ಲ. ಹೊಳೆಯ ಮೇಲೆ ಘಟಕ ಶುರುವಾಗಿ, ನಾನು ಅಲ್ಲಿಗೆ ಆಪರೇಟರಾಗಿ ಸೇರಿಕೊಂಡ ಎರಡನೇ ಬೇಸಿಗೆಗೆ ಆ ಸಾಲು ಅರ್ಧ ಕರಗಿತ್ತು. ರಹೀಂ ಸಾಬರು ಸಂತೆಯಲ್ಲಿ ಸಿಕ್ಕವರು ನನ್ನ ಹೆಗಲು ಹಿಡಿದುಕೊಂಡು, ‘ಅರೆ ಪುಟ್ಟಸ್ವಾಮಿ, ನನ್ ಅಂಗ್ಡೀಲೇ ಕಲ್ತು ನನ್ ಅಂಗ್ಡೀಗೇ ಬೀಗ ಹಾಕಿಸ್ತೀಯಲ್ಲೋ ಭಾಯ್’ ಎಂದು ನಕ್ಕರು. ನನಗೆ ಸಂಬಳಕ್ಕಿಂತ ಆ ಮಾತಿನಿಂದ ಹೆಮ್ಮೆಯಾಯಿತು. ಕಲ್ಲಿದ್ದಲಿಲ್ಲ, ಹೊಗೆಯಿಲ್ಲ, ಹರಿದು ಹೋಗುವ ನೀರಿನಿಂದಲೇ ಊರಿಗೆಲ್ಲ ಬೆಳಕು. ಇದು ಸುಳ್ಳಲ್ಲ. ಇವತ್ತಿಗೂ ಸುಳ್ಳಲ್ಲ. ಮುಂದೆ ಬರೆಯುವುದನ್ನು ಓದಿ ‘ಕರೆಂಟು ಬೇಡ ಅಂತೀಯಾ?’ ಎಂದು ನನ್ನನ್ನು ಕೇಳಬೇಡಿ.

ನನ್ನ ಮೊದಲ ಮೇಲಧಿಕಾರಿ ವರದರಾಜ ಅಯ್ಯಂಗಾರ್ರು. ತೊಣ್ಣೂರಿನವರು, ದೇವಸ್ಥಾನದ ಮನೆತನ. ಇವರಿಗೆ ಮಾತ್ರ ಪೂಜೆಗಿಂತ ಯಂತ್ರದ ಮೇಲೆ ಪ್ರಾಣ. ಕಟ್ಟೆಯ ಒಂದು ಮೂಲೆಯಲ್ಲಿ ಹೊಳೆಯ ಬಾಗಿಗೆ ನೀರು ಬಿಡಲೆಂದೇ ಒಂದು ಸಣ್ಣ ಗೇಟಿತ್ತು. ಘಟಕಕ್ಕೆ ಪರವಾನಗಿ ಕೊಡುವಾಗ, ಅದನ್ನು ಯಾವ ಕಾಲದಲ್ಲೂ ಪೂರ್ತಿ ಮುಚ್ಚಕೂಡದು ಎಂಬ ಷರತ್ತು ಹಾಕಿದ್ದರು. ಅಯ್ಯಂಗಾರ್ರು ಗೇಟಿನ ತಿರುಪಿಗೆ ತಾವೇ ಕೆಂಪು ಬಣ್ಣದ ಗೆರೆ ಎಳೆದು, ‘ಪುಟ್ಟಸ್ವಾಮಿ, ಇದರ ಕೆಳಗೆ ಇಳಿಸಬೇಕಾದರೆ ನನ್ನ ಬರಹ ಬೇಕು. ನಾನು ಬಾಯಲ್ಲಿ ಹೇಳಿದರೂ ಇಳಿಸಕೂಡದು’ ಎಂದಿದ್ದರು. ಬೇಸಿಗೆಯಲ್ಲಿ ಒಂದು ಮೆಷೀನಿಗೂ ನೀರು ಸಾಲದೆ ನಿಲ್ಲಿಸಿಕೊಂಡು ಕೂರುತ್ತಿದ್ದೆವು. ಆದರೂ ಆ ಗೇಟಿನಿಂದ ನೀರು ಹೋಗುತ್ತಿತ್ತು.

ಅವರ ಕಾಲದ ಒಂದು ಘಟನೆ ಹೇಳುತ್ತೇನೆ. ಕಾಲುವೆಯ ನೀರು ಮೆಷೀನಿಗೆ ಇಳಿಯುವ ಮುಂಚೆ ದಪ್ಪ ಕಬ್ಬಿಣದ ಸರಳುಗಳ ಒಂದು ಜಾಲರಿ ಇರುತ್ತದೆ. ಕಸ, ಕೊಂಬೆ, ಸತ್ತ ದನ, ಹೊಳೆಯಲ್ಲಿ ತೇಲಿಬಂದದ್ದೆಲ್ಲ ಅಲ್ಲಿ ಬಂದು ನಿಲ್ಲುತ್ತದೆ. ಮನುಷ್ಯರೂ ಬರುತ್ತಾರೆ. ಈ ಕೆಲಸಕ್ಕೆ ಸೇರುವವರಿಗೆ ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ನಾನು ಸೇರಿದ ಮೊದಲ ಮಳೆಗಾಲದಲ್ಲೇ ಒಬ್ಬ ಮುದುಕರ ಹೆಣ ಬಂತು. ಬಿಳಿ ಅಂಗಿ, ಜೇಬಿನಲ್ಲಿ ಬಸ್ಸಿನ ಟಿಕೀಟು ಮುದ್ದೆಯಾಗಿತ್ತು. ಹೊಳೆ ತುಂಬಿ ಎರಡೂ ಮೆಷೀನು ಪೂರ್ತಿ ಓಡುತ್ತಿದ್ದ ಹೊತ್ತು. ಅಯ್ಯಂಗಾರ್ರು ಎರಡನ್ನೂ ನಿಲ್ಲಿಸಿದರು. ಪೊಲೀಸರು ಬರುವ ತನಕ ಜಾಲರಿಯ ಹತ್ತಿರ ಬರಿಗಾಲಲ್ಲಿ ಕೈಕಟ್ಟಿ ನಿಂತಿದ್ದರು. ಆಮೇಲೆ ಲಾಗ್ ಬುಕ್ಕಿನಲ್ಲಿ, ಮೆಷೀನು ನಿಂತ ಕಾರಣ ಬರೆಯುವ ಕಾಲಮ್ಮಿನಲ್ಲಿ, ‘ಒಬ್ಬರು ಬಂದಿದ್ದರು’ ಎಂದಷ್ಟೇ ಬರೆದರು. ಕಂಪನಿಯಿಂದ ಫೋನು ಬಂತು. ‘ಬರೆದಿದೀನಲ್ಲ, ಓದಿ’ ಎಂದು ಇಟ್ಟುಬಿಟ್ಟರು.

ಹೊಳೆಯ ಬಾಗಿನಲ್ಲಿ ಬದುಕುತ್ತಿದ್ದವರನ್ನು ನಾನು ಪರಿಚಯ ಮಾಡಿಕೊಂಡದ್ದು ಮೀನಿನಿಂದ. ಬೆಸ್ತರ ಚಿಕ್ಕಣ್ಣ ತೆಪ್ಪ ಹಾಕಿ ಬಲೆ ಬಿಡುತ್ತಿದ್ದ. ಅವನ ಹೆಂಡತಿ ಲಕ್ಕಮ್ಮ ಮೀನನ್ನು ಮಂಕರಿಯಲ್ಲಿಟ್ಟುಕೊಂಡು ಕಿಕ್ಕೇರಿಗೆ ಹೋಗಿ ಮಾರುತ್ತಿದ್ದಳು. ಹೋಗುವ ದಾರಿಯಲ್ಲಿ ನಮ್ಮ ಕ್ವಾರ್ಟರ್ಸಿಗೂ ಬರುತ್ತಿದ್ದಳು. ನನ್ನ ಹೆಂಡತಿ ಜಯಮ್ಮನಿಗೂ ಅವಳಿಗೂ ಮೀನಿಗಿಂತ ಮಾತೇ ಹೆಚ್ಚು. ಲಕ್ಕಮ್ಮ ಎತ್ತರದ ಆಳು, ದೊಡ್ಡ ಗಂಟಲು. ನನ್ನನ್ನು ಕಂಡರೆ, ‘ಏನಣ್ಣೋ ಲೈಟಣ್ಣ, ನಿಮ್ ಲೈಟು ನಮ್ ಮನೇಲಿ ಮಿಣಕ್ ಮಿಣಕ್ ಅಂತದೆ. ಒಸಿ ಜಾಸ್ತಿ ನೀರು ಕುಡಿಸಿ ನಿಮ್ ಮಿಸಿನ್ಗೆ’ ಎಂದು ರೇಗಿಸುತ್ತಿದ್ದಳು.

ಅಯ್ಯಂಗಾರ್ರು ನಿವೃತ್ತರಾದರು. ಹೊಸ ಮ್ಯಾನೇಜರು ಬಂದರು. ಅವರ ಹೆಸರು ಬೇಡ. ಕೆಟ್ಟ ಮನುಷ್ಯ ಎಂದು ನಾನು ಹೇಳಲಾರೆ. ನನ್ನ ಹೆಂಡತಿಗೆ ಜ್ವರ ಬಂದಾಗ ಕಂಪನಿ ಜೀಪಿನಲ್ಲಿ ತಾವೇ ಆಸ್ಪತ್ರೆಗೆ ಕರೆದುಕೊಂಡು ಹೋದವರು. ಆದರೆ ಅವರ ತಲೆಯ ಮೇಲೆ ಪ್ರತಿದಿನದ ಯೂನಿಟ್ಟಿನ ಭಾರವಿತ್ತು. ಮೆಷೀನು ಐದು ನಿಮಿಷ ನಿಂತರೂ ಯಾಕೆ ನಿಂತಿತು ಎಂದು ಅವರನ್ನು ಮೇಲಿನವರು ಕೇಳುತ್ತಿದ್ದರು, ಅವರು ನಮ್ಮನ್ನು ಕೇಳುತ್ತಿದ್ದರು. ಮೊದಲ ಬೇಸಿಗೆಯಲ್ಲೇ, ‘ಆ ಮೂಲೆ ಗೇಟು ಸುಮ್ಮನೆ ನೀರು ಪೋಲು ಮಾಡ್ತಿದೆ ಕಣ್ರೀ’ ಎಂದರು. ನಾನು ಕೆಂಪು ಗೆರೆಯ ವಿಚಾರ ಹೇಳಿದೆ. ‘ಬರೆದು ಕೊಡಬೇಕೇನ್ರೀ ನಿಮಗೆ?’ ಎಂದು ನಕ್ಕರು. ಬರೆದು ಕೊಡಲಿಲ್ಲ. ನಾನೂ ಕೇಳಲಿಲ್ಲ. ಗೇಟನ್ನು ತಿರುಗಿಸಿ ಪೂರ್ತಿ ಇಳಿಸಿದ ಕೈ ನನ್ನದೇ.

ಹೊಳೆ ಸಾಯುವುದು ಸದ್ದಿಲ್ಲದೆ. ಮೊದಲು ಬಂಡೆಗಳ ಮೇಲಿನ ಪಾಚಿ ಒಣಗಿ ಕಾಗದದಂತೆ ಎದ್ದಿತು. ಆಮೇಲೆ ಹೊಳೆ ತುಂಡು ತುಂಡಾಗಿ ಮಡುಗಳಾಯಿತು. ಮಡುವಿನ ನೀರು ಬಿಸಿಯಾಗಿ, ಹಸಿರಾಗಿ, ಮೀನು ಮೇಲೆ ಬಂದು ಬಾಯಿ ತೆರೆಯತೊಡಗಿತು. ಎರಡು ದಡಗಳ ಬಾವಿಗಳೂ ಇಳಿದವು. ಒಂದು ಬೆಳಿಗ್ಗೆ ಲಕ್ಕಮ್ಮ ಘಟಕದ ಗೇಟಿಗೇ ಬಂದು ಮಂಕರಿಯನ್ನು ನೆಲಕ್ಕೆ ಸುರಿದಳು. ಗೆಂಡೆ, ಬಾಳೆಮೀನು, ಮೊಳದುದ್ದದ ಹಾವುಮೀನು, ಎಲ್ಲವೂ ಉಬ್ಬಿಕೊಂಡಿದ್ದವು.

‘ಮಾರಕ್ಕಾಗಲ್ಲ, ತಿನ್ನಕ್ಕಾಗಲ್ಲ. ನೀವೇ ಮಡಿಕಳ್ಳಿ’ ಎಂದಳು.

‘ನಾನೇನ್ ಮಾಡ್ಲಿ ಲಕ್ಕಮ್ಮ, ಮೇಲಿಂದ ಆರ್ಡರು.’

‘ಮೇಲಿಂದ ನೀರು ಬತ್ತದೆ ಕಣಣ್ಣ, ನೀನು ತಡೀತಿಯ. ನಂಗೊತ್ತಿರೋದು ಅಷ್ಟೇಯ. ಒಂದಿನ ಒಣಗಸ್ತೀರಿ, ಒಂದಿನ ದಬಕ್ ಅಂತ ಬುಡ್ತೀರಿ. ನಮ್ಮತ್ತೆ ಮಾವ ಈ ಒಳೆ ನಂಬ್ಕಂಡು ಬದುಕಿದ್ರು. ನಾನೀಗ ಮಕ ತೊಳಿಯಕ್ಕೂ ಎದರ್ಕತೀನಿ.’

ಅವಳು ಹೇಳಿದ ಆ ‘ದಬಕ್’ ಏನೆಂದು ನಿಮಗೆ ವಿವರಿಸಬೇಕು. ಲೈನಿನಲ್ಲಿ ಎಲ್ಲೋ ತಂತಿ ಬಿದ್ದರೆ ನಮ್ಮ ಮೆಷೀನು ತಾನಾಗಿ ನಿಲ್ಲುತ್ತದೆ. ಮೆಷೀನು ನಿಂತರೆ ಕಾಲುವೆಯ ನೀರಿಗೆ ದಾರಿ ಇಲ್ಲ. ಅದು ಹಿಂದಕ್ಕೆ ಒತ್ತಿ, ಕಟ್ಟೆಯ ಮಟ್ಟಕ್ಕೆ ಏರಿ, ಕಟ್ಟೆ ದಾಟಿ ಒಣಗಿದ ಬಾಗಿಗೆ ಬೀಳುತ್ತದೆ. ಅಲ್ಲಿ ನೀರೇ ಇಲ್ಲ ಎಂದು ನಂಬಿ ಬಂಡೆಗಳ ನಡುವೆ ಬಟ್ಟೆ ಒಗೆಯುವವರು, ಮಡುವಿನಲ್ಲಿ ಮೀನು ಬಾಚುವವರು, ದನ ಮೇಯಿಸುವವರು ಇರುತ್ತಾರೆ. ಅವರನ್ನು ಎಚ್ಚರಿಸಲು ಕಟ್ಟೆಯ ಮೇಲೆ ಒಂದು ಸೈರನ್ನು ಇತ್ತು. ಕಟ್ಟೆಯ ಗೇಟಿನ ಕಾವಲಿಗೆ ನಿಂಗೇಗೌಡರು ಇದ್ದರು. ಕಾಲುವೆಗೆ ಹೊಲ ಬಿಟ್ಟುಕೊಟ್ಟದ್ದಕ್ಕೆ ಕೆಲಸ ಸಿಕ್ಕಿದವರು. ಸೈರನ್ನು ಕೆಟ್ಟರೆ ಪ್ಯಾನೆಲ್ ರೂಮಿನಿಂದ ಅವರಿಗೆ ಫೋನು ಮಾಡಬೇಕು, ಅವರು ದಡದುದ್ದಕ್ಕೂ ಓಡಿ ಸೀಟಿ ಊದಿ ಕೂಗಬೇಕು. ನಿಯಮ ಇಷ್ಟೇ.

ಆ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಸೈರನ್ನಿನ ಮೋಟಾರು ಸುಟ್ಟಿತ್ತು. ನಾನು ಲಾಗ್ ಬುಕ್ಕಿನಲ್ಲಿ ಮೂರು ಸಲ ಬರೆದೆ. ಮ್ಯಾನೇಜರು ಮೂರು ಸಲವೂ ಸಹಿ ಹಾಕಿದರು. ಹನ್ನೊಂದು ದಿನ ಕಳೆದಿತ್ತು. ಬಿಚ್ಚಿಕೊಂಡು ಹೋಗಿ ರಹೀಂ ಸಾಬರ ಅಂಗಡಿಯಲ್ಲಿ ಕೂತಿದ್ದರೆ ಒಂದೇ ಹಗಲಿನಲ್ಲಿ ನಾನೇ ಹೊಸ ತಂತಿ ಸುತ್ತಿಕೊಂಡು ಬರಬಹುದಿತ್ತು. ನನ್ನ ಕೆಲಸ ಅಲ್ಲ ಎಂದು ಸುಮ್ಮನಿದ್ದೆ.

ಹನ್ನೆರಡನೆಯ ದಿನ ಮಧ್ಯಾಹ್ನ ನಾನು ಪ್ಯಾನೆಲ್ಲಿನಲ್ಲಿದ್ದೆ. ಹೊಳೆಯ ಮೇಲುಗಡೆ ಊರುಗಳಲ್ಲಿ ಮಳೆಯಾಗಿ ಹೊಳೆಗೆ ಕೆನ್ನೀರು ಬಂದಿತ್ತು. ಬಹಳ ದಿನದ ಮೇಲೆ ಎರಡೂ ಮೆಷೀನು ಪೂರ್ತಿ ಓಡುತ್ತಿದ್ದವು, ಬಂದ ನೀರೆಲ್ಲ ಕಾಲುವೆಗೇ ಹೋಗುತ್ತಿತ್ತು, ಬಾಗು ಹಾಗೇ ಒಣಗಿತ್ತು. ನಾಲ್ಕು ಗಂಟೆಯ ಹೊತ್ತಿಗೆ ಗಾಳಿ ಎದ್ದಿತು. ಕಿಟಕಿ ದಢಾರನೆ ಹೊಡೆದುಕೊಂಡಿತು. ಲೈನು ಹೋಯಿತು. ಎರಡೂ ಮೆಷೀನು ನಿಂತವು.

ಆ ಹೊತ್ತು ನಾನು ಮಾಡಬೇಕಾದ ಮೊದಲ ಕೆಲಸ ಫೋನು ಎತ್ತುವುದು. ನಾನು ಎತ್ತಲಿಲ್ಲ. ಹೀಗೆ ಎಷ್ಟೋ ಸಲ ಆಗಿತ್ತು. ಲೈನು ಎರಡು ನಿಮಿಷಕ್ಕೆ ವಾಪಸು ಬಂದು, ಮೆಷೀನು ಎತ್ತಿಕೊಂಡು ಮತ್ತೆ ಓಡಿ, ನೀರು ಕಟ್ಟೆ ದಾಟುವ ಮುಂಚೆಯೇ ಕಾಲುವೆಗೆ ತಿರುಗಿರುತ್ತಿತ್ತು. ನಾವೆಲ್ಲರೂ ಮೊದಲು ಮೆಷೀನು, ಆಮೇಲೆ ಫೋನು ಎಂಬ ಅಭ್ಯಾಸ ಮಾಡಿಕೊಂಡುಬಿಟ್ಟಿದ್ದೆವು. ಲೈನು ಬಂತು, ಒಂದನೆಯದನ್ನು ಎತ್ತಲು ನೋಡಿದೆ, ಹಿಡಿಯಲಿಲ್ಲ. ಲೈನು ಮತ್ತೆ ಹೋಯಿತು. ಮತ್ತೆ ಬಂತು. ಎರಡನೆಯದಕ್ಕೆ ಹೋದೆ. ಮೆಷೀನಿನ ವೇಗ ಹಿಡಿತದಲ್ಲಿಡುವ ಗವರ್ನರಿನ ಎಣ್ಣೆ ಒತ್ತಡ ಇಳಿದಿತ್ತು, ಪಂಪು ಹಾಕಿ ಕಾದೆ. ಮ್ಯಾನೇಜರಿಗೆ ಏನು ಕಾರಣ ಹೇಳಲಿ ಎಂದು ಯೋಚಿಸುತ್ತಿದ್ದದ್ದು ನನಗೆ ನೆನಪಿದೆ. ಗಡಿಯಾರ ನೋಡಿದಾಗ ಹತ್ತು ನಿಮಿಷ ಕಳೆದಿತ್ತು.

ಆಗ ಫೋನು ಮಾಡಿದೆ. ‘ಗೌಡ್ರೇ, ಮೆಷೀನ್ ನಿಂತವೆ. ಕೆಳಗೆ ಯಾರಾದ್ರೂ ಇದ್ರೆ ಕೂಗಿ.’

‘ಈಗ ಯೋಳ್ತಿಯೇನ್ಲಾ!’ ಎಂದು ನಿಂಗೇಗೌಡರು ಅರಚಿದರು. ‘ನೀರು ಆಗ್ಲೇ ಕಟ್ಟೆ ದಾಟ್ಬುಡ್ತು ಕಣ್ಲಾ!’

ಫೋನು ಕೆಳಗೆ ಬಿದ್ದ ಸದ್ದು, ಅವರು ಓಡುತ್ತ ಊದಿದ ಸೀಟಿಯ ಸದ್ದು, ಎರಡೂ ಕೇಳಿಸಿತು.

ಮಡುವಿನಲ್ಲಿ ಇಬ್ಬರಿದ್ದರು. ಲಕ್ಕಮ್ಮ, ಅವಳ ನಾದಿನಿ, ಎಂದರೆ ಚಿಕ್ಕಣ್ಣನ ತಂಗಿ ಕೆಂಪಮ್ಮ. ಕಟ್ಟೆಯ ಮೇಲುಗಡೆ ಹೊಸ ನೀರು ಬಂದಿದೆ, ಇನ್ನು ಮಡು ಮುಚ್ಚಿಹೋಗುತ್ತದೆ, ಅಷ್ಟರಲ್ಲಿ ಉಳಿದ ಮೀನು ಬಾಚಿಕೊಳ್ಳೋಣ ಎಂದು ಇಳಿದಿದ್ದರು. ಕೆಂಪಮ್ಮ ದಡದ ಹತ್ತಿರ ಇದ್ದದ್ದರಿಂದ ಹೊಂಗೆಯ ಬೇರು ಹಿಡಿದುಕೊಂಡಳು. ಲಕ್ಕಮ್ಮ ನಡುಬಂಡೆಯ ಮೇಲೆ ಹತ್ತಿ ನಿಂತಳಂತೆ. ‘ಅಣ್ಣನ್ನ ಕರ್ಕಂಡ್ ಬಾ, ತೆಪ್ಪ ತಕಂಬರ್ಲಿ’ ಎಂದು ಕೂಗಿದಳಂತೆ. ಚಿಕ್ಕಣ್ಣ ತೆಪ್ಪ ತಲೆಯ ಮೇಲೆ ಹೊತ್ತುಕೊಂಡು ಬರುವ ಹೊತ್ತಿಗೆ ಬಂಡೆಯೇ ಕಾಣುತ್ತಿರಲಿಲ್ಲ. ಮರುದಿನ ಬೆಳಿಗ್ಗೆ, ಕಾಲುವೆಯ ನೀರು ಮತ್ತೆ ಹೊಳೆ ಸೇರುವ ಜಾಗದಲ್ಲಿ, ನಮ್ಮ ಘಟಕದ ಹಿಂದುಗಡೆಯೇ ಅವಳು ಸಿಕ್ಕಳು. ಹುಡುಕಿ ತೆಗೆದವನು ಚಿಕ್ಕಣ್ಣನೇ. ಅವನು ಅವಳನ್ನು ತೆಪ್ಪಕ್ಕೆ ಎತ್ತಿಕೊಳ್ಳುವಾಗ ನಾನು ಮೇಲಿನ ಕಟಕಟೆ ಹಿಡಿದು ನಿಂತಿದ್ದೆ. ಎರಡೂ ಮೆಷೀನು ನನ್ನ ಬೆನ್ನ ಹಿಂದೆ ಓಡುತ್ತಿದ್ದವು.

ಅವತ್ತು ಹತ್ತು ಗಂಟೆಗೆ ಮ್ಯಾನೇಜರು ಹೊಸ ಲಾಗ್ ಬುಕ್ಕು ತಂದು ನನ್ನ ಮುಂದೆ ಇಟ್ಟರು. ಹಳೆಯದನ್ನು ನೋಡಿಕೊಂಡು ಹನ್ನೆರಡು ದಿನದ್ದನ್ನೂ ಮತ್ತೆ ಬರೆಯಬೇಕು. ಸೈರನ್ನು ಕೆಟ್ಟ ಮಾತು ಇರಕೂಡದು. ಮೆಷೀನು ನಿಂತ ಮರುನಿಮಿಷ ‘ಸೈರನ್ ಊದಲಾಯಿತು’ ಎಂದು ಇರಬೇಕು.

‘ಸರ್, ಊದಿಲ್ಲವಲ್ಲ.’

‘ಪುಟ್ಟಸ್ವಾಮಿ, ಘಟಕ ಮುಚ್ಚಿದರೆ ಇಪ್ಪತ್ತು ಮನೆ ಬೀದಿಗೆ ಬರ್ತವೆ. ಹೋದ ಜೀವ ಬರುತ್ತೇನ್ರೀ?’ ಪೆನ್ನು ತೆಗೆದು ನನ್ನ ಕಡೆ ಚಾಚಿದರು. ಬರೆದೆ. ನನ್ನ ಅಕ್ಷರ ದುಂಡಗೆ ಇತ್ತು. ಐ.ಟಿ.ಐ.ಯಲ್ಲಿ ಅದಕ್ಕೆ ಹೊಗಳಿಸಿಕೊಂಡಿದ್ದೆ.

ವಿಚಾರಣೆಗೆ ಬಂದ ಅಧಿಕಾರಿ ಒಳ್ಳೆಯವರು, ವಯಸ್ಸಾದವರು. ಘಟಕದ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಎಲ್ಲರನ್ನೂ ಕೇಳಿದರು. ಚಿಕ್ಕಣ್ಣ ಟವೆಲನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದ.

‘ಸೈರನ್ ಕೇಳಿಸ್ತೇನಪ್ಪ?’

‘ಇಲ್ಲ ಸ್ವಾಮಿ.’

‘ಜೋರು ಗಾಳಿ ಇತ್ತಂತೆ. ಕೇಳಿಸದೆ ಇದ್ದಿರಬಹುದಾ?’

ಚಿಕ್ಕಣ್ಣ ನನ್ನ ಕಡೆ ತಿರುಗಿದ. ‘ಪುಟ್ಸಾಮಣ್ಣ, ಊದಿದ್ರಾ? ನೀನು ಊದ್ದೆ ಅಂದ್ರೆ ನಾನು ನಂಬ್ತೀನಿ. ನಂಗೇ ಕೇಳಿಸಿಲ್ಲ ಅಂದ್ಕತೀನಿ.’

‘ಊದಿದ್ವಿ’ ಎಂದೆ.

ಅವನು ತಲೆಯಾಡಿಸಿ ಹಿಂದಕ್ಕೆ ಹೋಗಿ ನಿಂತುಕೊಂಡ. ಅವತ್ತಿನಿಂದ ಜಯಮ್ಮ ನಮ್ಮ ಮನೆಯಲ್ಲಿ ಮೀನು ಬೇಯಿಸಿಲ್ಲ.

ವಿಚಾರಣೆಯಾದ ನಾಲ್ಕನೆಯ ದಿನ ರಜೆ ಹಾಕಿ ಪಾಂಡವಪುರದ ಬಸ್ಸು ಹತ್ತಿ ತೊಣ್ಣೂರಿಗೆ ಹೋದೆ. ಅಯ್ಯಂಗಾರ್ರು ಕೆರೆ ಏರಿಯ ಮೇಲೆ ಕೋಲೂರಿಕೊಂಡು ನಡೆಯುತ್ತಿದ್ದರು. ಜೊತೆಯಲ್ಲಿ ನಡೆಯುತ್ತ ಸೈರನ್ನಿನದು, ಲಾಗ್ ಬುಕ್ಕಿನದು ಎಲ್ಲ ಹೇಳಿದೆ. ಹತ್ತು ನಿಮಿಷದ ಮಾತು ಮಾತ್ರ ಹೇಳಲಿಲ್ಲ. ಅವರು ಬೈಯಲಿಲ್ಲ. ನಿಂತು ನೀರು ನೋಡುತ್ತ, ‘ಆ ಘಟಕಕ್ಕೆ ಜಾಗ ತೋರಿಸಿದ್ದು ನಾನು, ಗೊತ್ತಾ ನಿನಗೆ?’ ಎಂದರು. ‘ಗೇಟಿಗೆ ಗೆರೆ ಎಳೆದರೆ ಸಾಕು ಅಂದುಕೊಂಡೆ. ಗೆರೆ ಕಾಯೋರು ಬೇಕು ಅನ್ನೋದು ಹೊಳೀಲಿಲ್ಲ.’ ಸ್ವಲ್ಪ ದೂರ ನಡೆದ ಮೇಲೆ, ‘ನಾಳೆಯೇ ಹೋಗು. ಬಾಯಲ್ಲಿ ಬೇಡ, ಬರೆದು ಕೊಡು’ ಎಂದರು.

ವಿಚಾರಣೆಯ ಅಧಿಕಾರಿಯ ಕಚೇರಿಗೆ ಹೋಗಿ ಬರೆದು ಕೊಟ್ಟೆ. ಸೈರನ್ನು ಹನ್ನೊಂದು ದಿನದಿಂದ ಕೆಟ್ಟಿತ್ತು, ಲಾಗ್ ಬುಕ್ಕು ಬದಲಾಯಿಸಿ ಬರೆದದ್ದು ನಾನೇ, ಮೂಲೆಯ ಗೇಟು ಬೇಸಿಗೆಯೆಲ್ಲ ಮುಚ್ಚಿತ್ತು, ಎಲ್ಲವನ್ನೂ ಬರೆದೆ. ಒಂದು ಸಾಲು ಹೀಗಿತ್ತು: ‘ಮೆಷೀನು ನಿಂತ ಕೂಡಲೇ ನಾನು ಗೇಟಿನವರಿಗೆ ಫೋನು ಮಾಡಿದೆನು.’ ಕೂಡಲೇ. ಆ ಒಂದು ಮಾತಿನ ಹಿಂದೆ ನಾನು ಅಡಗಿಕೊಂಡೆ. ಕಚೇರಿಯಿಂದ ಹೊರಗೆ ಬಂದಾಗ ನಿಂಗೇಗೌಡರು ಬೀಡಿ ಸೇದುತ್ತ ನಿಂತಿದ್ದರು. ‘ಪೋನಿಂದು ಯೋಳ್ದಾ?’ ಎಂದರು. ನಾನು ತಲೆ ತಗ್ಗಿಸಿದೆ. ‘ಬುಡು, ನಿಂದೂ ಸಂಸಾರ ಅದೆ. ನನ್ ಕೇಳಿದ್ರೆ ಯೋಳ್ತೀನಿ, ಕೇಳ್ದೆ ಇದ್ರೆ ಇಲ್ಲ’ ಎಂದರು. ಅವರನ್ನು ಯಾರೂ ಕೇಳಲಿಲ್ಲ. ಎರಡು ವರ್ಷಕ್ಕೆ ಅವರೂ ತೀರಿಕೊಂಡರು.

ಮ್ಯಾನೇಜರನ್ನು ಕಂಪನಿ ಬೇರೆ ಕಡೆಗೆ ಕಳಿಸಿತು. ವಾರದೊಳಗೆ ಹೊಸ ಸೈರನ್ನು ಬಂತು, ಕರೆಂಟು ಹೋದರೂ ಕೂಗುವಂಥದ್ದು. ಮೂಲೆಯ ಗೇಟು ತೆರೆಯಿತು. ಒಂದೂವರೆ ವರ್ಷ ಹೊಳೆಯ ಬಾಗಿನಲ್ಲಿ ನೀರು ಹರಿಯಿತು. ಆಮೇಲೆ ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸತೊಡಗಿದರು. ಬದಲಿಗೆ ದಡದ ಮೇಲೆ ಒಂದು ಹಳದಿ ಬೋರ್ಡು ಬಂತು: ‘ಅಪಾಯ. ಹೊಳೆಗೆ ಇಳಿಯಬೇಡಿ.’ ತಲೆತಲಾಂತರದಿಂದ ಹೊಳೆಯಲ್ಲೇ ಇದ್ದವರಿಗೆ ಆ ಬೋರ್ಡು. ಅದನ್ನು ಓದಲು ಅವರಲ್ಲಿ ಅರ್ಧ ಜನಕ್ಕೆ ಬರುತ್ತಿರಲಿಲ್ಲ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಪ್ಯಾನೆಲ್ಲಿನಿಂದ ಇಳಿಸಿ ಜಾಲರಿಯ ಕಸ ಎಳೆಯಲು ಹಾಕಿದರು. ಕೊನೆಯ ಆರು ವರ್ಷ ಉದ್ದನೆಯ ಹಲ್ಲುಗೋಲು ಹಿಡಿದು ಅಂತರಗಂಗೆ, ಪ್ಲಾಸ್ಟಿಕ್ಕು, ಒಡೆದ ಗಣಪತಿ, ನಡು ತುಂಡಾದ ಹಾವುಮೀನು ಎಳೆದು ಹಾಕಿದೆ. ಅದು ನನಗೆ ಕಷ್ಟ ಅನ್ನಿಸಲಿಲ್ಲ. ಕಷ್ಟವಾದದ್ದು ಹೊಗಳಿಕೆ. ಕಂಪನಿಯನ್ನು ಎದುರು ಹಾಕಿಕೊಂಡು ಸತ್ಯ ಹೇಳಿದವನು ಎಂದು ಕಿಕ್ಕೇರಿಯ ಹೋಟೆಲಿನಲ್ಲಿ ನನಗೆ ಜಾಗ ಬಿಟ್ಟು ಕೂರಿಸುತ್ತಿದ್ದರು. ಚಿಕ್ಕಣ್ಣ ಮನೆಗೇ ಬಂದು ಕೈ ಮುಗಿದ. ‘ಮೊದ್ಲು ಸುಳ್ಳೇಳ್ದೆ, ಆಮ್ಯಾಕೆ ನಿಜ ಯೋಳ್ದೆ. ಅಷ್ಟು ಮಾಡೋರು ಯಾರವ್ರೆ ಬುಡಣ್ಣ’ ಎಂದ. ಅವನು ತೆಪ್ಪ ಬಿಟ್ಟಿದ್ದ. ಮಾಕವಳ್ಳಿ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದ. ಮುಗಿದ ಕೈಯಲ್ಲಿ ಕಬ್ಬಿನ ಸಿಬಿರು ಹೊಕ್ಕ ಗಾಯಗಳಿದ್ದವು.

ನಿವೃತ್ತನಾದ ಮೂರನೇ ತಿಂಗಳು, ಒಂದು ಬೆಳಿಗ್ಗೆ, ಅವನ ಮನೆಗೆ ಹೋದೆ. ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟ. ಲೋಟ ಕೆಳಗಿಟ್ಟು ಹೇಳಿದೆ. ಫೋನು ಕೂಡಲೇ ಮಾಡಲಿಲ್ಲ, ಮೆಷೀನು ಎತ್ತಲು ನೋಡುತ್ತ ಹತ್ತು ನಿಮಿಷ ಕಳೆದೆ, ಅಷ್ಟರಲ್ಲಿ ನೀರು ಕಟ್ಟೆ ದಾಟಿತ್ತು, ಇದನ್ನು ಯಾರಿಗೂ ಹೇಳಿಲ್ಲ.

ಅವನು ನನ್ನ ಲೋಟ ಎತ್ತಿ ಪಕ್ಕಕ್ಕಿಟ್ಟ. ಆಮೇಲೆ, ‘ಅತ್ತು ನಿಮಿಸವಾ?’ ಎಂದ.

‘ಹೂಂ.’

‘ಬಾ’ ಎಂದು ಎದ್ದ.

ಹೊಳೆಗೆ ಹೋದೆವು. ಬೇಸಿಗೆ, ಬಾಗಿನಲ್ಲಿ ನೀರಿರಲಿಲ್ಲ. ನಡುಬಂಡೆಯ ತನಕ ಕರೆದುಕೊಂಡು ಹೋಗಿ, ‘ನಿನ್ ಮೊಬೈಲ್ನಾಗೆ ಟೈಮ್ ನೋಡ್ತಿರು’ ಎಂದ. ಬಂಡೆಯಿಂದ ಇಳಿದು, ಒಣಗಿದ ಕಲ್ಲುಗಳ ಮೇಲೆ ಕಾಲಿಡುತ್ತ, ನೋಯುವ ಮಂಡಿಯನ್ನು ಕೈಯಲ್ಲಿ ಹಿಡಿದುಕೊಂಡು ದಡ ಹತ್ತಿ, ಹೊಂಗೆ ಮರ ಮುಟ್ಟಿ ನಿಂತ.

‘ಎಷ್ಟಾಯ್ತು?’ ಎಂದು ಅಲ್ಲಿಂದಲೇ ಕೂಗಿದ.

‘ಮೂರು ನಿಮಿಷ.’

ಮತ್ತೆ ಇಳಿದು ಬಂದ. ಮತ್ತೆ ಬಂಡೆ ಹತ್ತಿದ, ಮತ್ತೆ ನಡೆದ. ಈ ಸಲ ನಡುವೆ ನಿಂತು, ಏನನ್ನೋ ಎತ್ತಿಕೊಂಡು ಸೊಂಟದ ಮೇಲೆ ಇಟ್ಟುಕೊಂಡವನಂತೆ ಮಾಡಿದ. ಮೀನಿನ ಮಂಕರಿ ಎಂದು ನನಗೆ ತಡವಾಗಿ ಹೊಳೆಯಿತು. ಈ ಸಲವೂ ನಾಲ್ಕು ನಿಮಿಷ ಆಗಲಿಲ್ಲ.

‘ಮಂಕ್ರಿ ತಕಂಡು, ಕೆಂಪಿ ಕೈ ಇಡ್ಕಂಡು ಬಂದಿದ್ರೂವೆ ಆಯ್ತಿತ್ತು’ ಎಂದ. ದನಿ ಏರಲಿಲ್ಲ. ‘ನಾನು ಮಳೆ ಅಂದ್ಕಂಡಿದ್ದೆ. ಕಂಪ್ನಿ ಅಂದ್ಕಂಡಿದ್ದೆ. ನಾನು ಬ್ಯಾಗ ಬರ್ನಿಲ್ಲ ಅಂತ ನನ್ನೇ ಬಯ್ಕಂಡಿದ್ದೆ. ಇಷ್ಟು ವರ್ಸ ನನ್ನೇ ಬಯ್ಕಂಡಿದ್ದೆ ಕಣ್ಲಾ.’

ಅವನು ನನ್ನನ್ನು ‘ಲಾ’ ಎಂದದ್ದು ಅದೇ ಮೊದಲು. ‘ಓಗು, ಇನ್ ನಮ್ಮನೆ ತಾವ ಬರ್ಬ್ಯಾಡ’ ಎಂದ. ನಾನು ಬಂದುಬಿಟ್ಟೆ. ಹೇಳಿದ್ದರಿಂದ ಮನಸ್ಸು ಹಗುರವಾಯಿತು ಎಂದು ಬರೆದರೆ ಅದೂ ಲಾಗ್ ಬುಕ್ಕಿನ ಬರಹವೇ ಆಗುತ್ತದೆ.

ಚಿಕ್ಕಣ್ಣ ಈಗ ಕಬ್ಬು ಕಡಿಯಲು ಹೋಗುವುದಿಲ್ಲ. ಊರಿನಲ್ಲಿ ಕರೆಂಟು ಹೋದರೆ ಸಾಕು, ಏನು ಕೆಲಸ ಇದ್ದರೂ ಬಿಟ್ಟು ದಡಕ್ಕೆ ಬರುತ್ತಾನೆ, ಹೊಂಗೆ ಮರದ ಕೆಳಗೆ ಗಡಿಯಾರ ನೋಡುತ್ತ ನಿಲ್ಲುತ್ತಾನೆ. ನಾನೇ ದೂರದಿಂದ ನೋಡಿದ್ದೇನೆ. ಸೈರನ್ನು ಬೇಗ ಕೂಗಿದರೆ ಸುಮ್ಮನೆ ಮನೆಗೆ ಹೋಗುತ್ತಾನೆ. ಒಂದು ನಿಮಿಷ ತಡವಾದರೆ ಘಟಕದ ಗೇಟಿಗೆ ಬಂದು, ಡ್ಯೂಟಿಯಲ್ಲಿ ಇರುವವರು ಯಾರೇ ಆಗಲಿ, ತಾಯಿ ತಂದೆ ಸೇರಿಸಿ ಬೈಯುತ್ತಾನೆ. ಹೊಸ ಆಪರೇಟರುಗಳು ಅವನನ್ನು ಹುಚ್ಚ ಎನ್ನುತ್ತಾರೆ.

ನೀವು ಅಲ್ಲಿಗೆ ಕೆಲಸಕ್ಕೆ ಹೋದರೆ ಹಾಗೆ ಅನ್ನಬೇಡಿ. ಮೆಷೀನನ್ನು ಬಿಟ್ಟು ಎದ್ದು ಗೇಟಿನ ತನಕ ಹೋಗಿ. ಅವನ ಎದುರು ನಿಂತುಕೊಳ್ಳಿ. ಅವನು ಬೈದು ಮುಗಿಸುವ ತನಕ ಕೇಳಿಸಿಕೊಳ್ಳಿ.